ಬಾಳೆನಾರು ಸರಿ, ಮಟ್ಟೆಯನ್ನೂ ನೋಡಿ

ಶಿರಾ ಸೀಮೆಯಲ್ಲಿ ಮದಲೂರು ಎಂದರೆ ಕೆರೆ. 2020ರ ಉಪಚುನಾವಣೆಯಲ್ಲಂತೂ ಹೇಮಾವತಿ ನೀರು ತಂದು ಆ ಕೆರೆ ತುಂಬಿಸುವ ಮಾತೇ ಎಲ್ಲಕ್ಕಿಂತ ಜೋರಾಗಿ ಕೇಳಿತ್ತು. ಇಂಥ ಕಡೆ ಕೃಷಿ ತ್ಯಾಜ್ಯದಿಂದ ನಾರು ತೆಗೆಯೋಣ ಎಂದರೂ ಮೊದಲು ಏಳುವುದು ನೀರಿನ ಪ್ರಶ್ನೆಯೇ.

ಈಚೆಗೆ ಎಲ್ಲರ ಬಾಯಲ್ಲೂ ಬಾಳೆನಾರು. ತಪ್ಪೇನಿಲ್ಲ. ಹಂಪಿಯ ಎದುರುದಡದ ಆನೆಗೊಂದಿಯಲ್ಲಿ, 1997ರಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಊರಿನ ಹೆಂಗಸರ ಕೈಗೆ ಈ ಕಸುಬು ಕೊಟ್ಟಿದೆ. ಗೊನೆ ಕಡಿದ ಮೇಲೆ ತೋಟದಲ್ಲಿ ಉಳಿಯುವ ಬಾಳೆಪಟ್ಟೆಯನ್ನು ಒಣಗಿಸಿ, ಸೀಳಿ, ತೇವ ಮಾಡಿ, ಹುರಿ ಹೊಸೆದು ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಹೂ ಕಟ್ಟಲು ಕೂರುವ ಮುಂಚೆ ನಾರನ್ನು ನೀರಿಗೆ ಹಾಕಿಟ್ಟುಕೊಳ್ಳುವ ನಮ್ಮ ಅಜ್ಜಿಯರಿಗೆ ಈ ಗುಟ್ಟು ಹೊಸದೇನಲ್ಲ. ಜಪಾನಿನ ಒಕಿನಾವಾದಲ್ಲಿ ಬಾಳೆಯ ಒಂದು ಜಾತಿಯ ನಾರಿನಿಂದ ಉಡುವ ಬಟ್ಟೆಯನ್ನೇ ನೇಯುತ್ತಾರೆ.

ಆದರೆ ಆನೆಗೊಂದಿಯ ಮಗ್ಗುಲಲ್ಲಿ ತುಂಗಭದ್ರೆ ಇದ್ದಾಳೆ. ಬಾಳೆದಿಂಡಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ನೂರು ಕಿಲೋ ಹಸಿ ದಿಂಡಿಗೆ ಒಂದು ಕಿಲೋ ನಾರು ಸಿಕ್ಕರೆ ಪುಣ್ಯ. ಯಂತ್ರಕ್ಕೆ ಕೊಡುವುದಾದರೆ ದಿಂಡು ಹಸಿಯಾಗಿರುವಾಗಲೇ ಕೊಡಬೇಕು. ಬೋರ್‌ವೆಲ್ ನಂಬಿ ಅಲ್ಲೊಂದು ಇಲ್ಲೊಂದು ಬಾಳೆತೋಟ ಮಾಡುವ ಊರುಗಳಲ್ಲಿ ದಿಂಡು ಹೊರುವ ಟ್ರ್ಯಾಕ್ಟರಿನ ಬಾಡಿಗೆಗೇ ನಾರಿನ ದುಡ್ಡು ಸಾಲದು.

ತೆಂಗಿನ ಮಟ್ಟೆಯ ಲೆಕ್ಕ ಬೇರೆ. ಶಿರಾ ಸೇರಿದ ತುಮಕೂರು ಜಿಲ್ಲೆ ಉಂಡೆ ಕೊಬ್ಬರಿಯ ನಾಡು. ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಾಕಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಎಂದ ಮೇಲೆ ಸುಲಿಯುತ್ತಾರೆ. ಅಷ್ಟು ಹೊತ್ತಿಗೆ ಮಟ್ಟೆ ಕಂದಾಗಿ ಚೆನ್ನಾಗಿ ಒಣಗಿರುತ್ತದೆ. ಕೇರಳದ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ತೆಗೆಯುವ ಬಿಳಿ ನಾರಿನ ನಯ ಇದಕ್ಕಿಲ್ಲ, ಒರಟು, ಬಿರುಸು. ಆದರೆ ಮಳೆ ಬೀಳದಂತೆ ರಾಶಿ ಹಾಕಿಟ್ಟರೆ ಕೆಡುವುದಿಲ್ಲ, ವರ್ಷವಿಡೀ ಕೆಲಸ ಕೊಡುತ್ತದೆ. ಸಾವಿರ ಮಟ್ಟೆಗೆ ಸುಮಾರು 80 ಕಿಲೋ ನಾರು, ಅದರ ಎರಡರಷ್ಟು ಪುಡಿ. ನರ್ಸರಿಯವರು ಕೊಳ್ಳುವ ಕೊಕೊಪೀಟ್ ಎಂದರೆ ಈ ಪುಡಿಯೇ. ಇಷ್ಟಿದ್ದೂ ಸ್ನಾನದ ಹಂಡೆಯ ಒಲೆಗೆ ಹೋಗುವ ಮಟ್ಟೆ ಕಡಿಮೆಯೇನಲ್ಲ.

ಮಿಲ್ಲಿನಲ್ಲಿ ನಾರು ಬಿಡಿಸಿ ಬೇಲ್ ಕಟ್ಟಿ ಲಾರಿಗೆ ಹೇರಿದರೆ ಲಾಭ ನೇಯುವವರ ಪಾಲು. ಹುರಿ ಹೊಸೆದು ಮಗ್ಗಕ್ಕೆ ಏರಿಸಿದರೆ ಮಾತ್ರ ಊರಿಗೆ ಕೂಲಿ. ಕಲಿಯುವುದಕ್ಕೆ ದೂರ ಹೋಗಬೇಕಿಲ್ಲ. ತೆಂಗಿನ ನಾರು ಮಂಡಳಿಯ ಕೇಂದ್ರ ಕಚೇರಿ ಕೊಚ್ಚಿಯಲ್ಲಿದ್ದರೂ ಅದರ ತಂತ್ರಜ್ಞಾನ ಸಂಸ್ಥೆ ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ಶಿರಾದಿಂದ ಹೆದ್ದಾರಿ ಹಿಡಿದರೆ ನೇರ ದಾರಿ.

ನೇಯಬೇಕಾದದ್ದು ಕಾಲೊರಸು ಒಂದೇ ಅಲ್ಲ. ದಪ್ಪ ಹುರಿಯಲ್ಲಿ ಬಲೆಯಂತೆ ನೇಯ್ದ ಹಾಸನ್ನು ಇಳಿಜಾರಿನ ಮೇಲೆ ಹರಡಿ ಗೂಟ ಹೊಡೆದರೆ ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ. ಕೆಲವು ವರ್ಷಕ್ಕೆ ಹಾಸು ತಾನೇ ಮಣ್ಣಾಗುತ್ತದೆ, ಅಷ್ಟರಲ್ಲಿ ಹುಲ್ಲು ಬೇರು ಬಿಟ್ಟಿರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ 7 ರಾಜ್ಯಗಳ 1,674 ಕಿ.ಮೀ. ರಸ್ತೆಗೆ ಈ ಹಾಸು ಬಳಸುವುದಾಗಿ ಪ್ರಕಟಿಸಿತು. ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಮಹಾರಾಷ್ಟ್ರ ಎಲ್ಲ ಆ ಪಟ್ಟಿಯಲ್ಲಿದ್ದವು. ಇಷ್ಟೊಂದು ತೆಂಗು ಬೆಳೆಯುವ ಕರ್ನಾಟಕ ಇರಲಿಲ್ಲ!

ದಿಲ್ಲಿಯ ಪಟ್ಟಿಗೆ ಕಾಯಬೇಕಾಗಿಯೂ ಇಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಕೆರೆ ಏರಿ ದುರಸ್ತಿಗೆ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರುಗಳು ಅದರಲ್ಲಿ ನಾರಿನ ಹಾಸಿಗೂ ಒಂದು ಸಾಲು ಬರೆಯಲಿ. ಮದಲೂರು ಕೆರೆಯಿಂದಲೇ ಶುರುಮಾಡಬಹುದು.