ಹಾಕಿ ಕೋಚ್ ಅಂದ್ರೆ ಏನು ಕೆಲಸ?



ಈ ವರ್ಷ ನಮ್ಮ ತರಗತಿಯಲ್ಲಿ "ದೊಡ್ಡವರಾದ ಮೇಲೆ ನಾನು ಏನಾಗುತ್ತೇನೆ" ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದ್ದೆವು, ನೆನಪಿದೆಯಾ? ಡಾಕ್ಟರ್, ಇಂಜಿನಿಯರ್, ಗಗನಯಾತ್ರಿ, ಯೂಟ್ಯೂಬರ್ ಎಲ್ಲರೂ ಬಂದರು. ನನ್ನ ಮಗಳು ಮಾತ್ರ "ನಾನು ಕಾಲೇಜಿನ ಹಾಕಿ ತಂಡಕ್ಕೆ ಹೆಡ್ ಕೋಚ್ ಆಗುತ್ತೇನೆ" ಅಂತ ಬರೆದಿದ್ದಳು. ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಆದರೆ ಮನೆಗೆ ವಾಪಸ್ ಹೋಗುವಾಗ ಕಾರಿನಲ್ಲಿ ನಾನು, "ಅದು ಸರಿ ಪುಟ್ಟಾ, ಆದ್ರೆ ಕೆಲಸ ಅಂತ ಏನು ಮಾಡ್ತೀಯ?" ಅಂತ ಕೇಳಿಬಿಟ್ಟೆ. ಅವಳು ಕಿಟಕಿ ಕಡೆ ಮುಖ ತಿರುಗಿಸಿ ಕೂತವಳು ಮನೆ ಬರುವವರೆಗೂ ಮಾತಾಡಲಿಲ್ಲ.

ಆ ರಾತ್ರಿ ಯೋಚನೆ ಮಾಡಿದೆ. ಆ ಕೆಲಸದ ಬಗ್ಗೆ ನನಗೇ ಏನೂ ಗೊತ್ತಿಲ್ಲವಲ್ಲ! ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಳ್ಳಬೇಕು ಅಂತ ನಿಮಗೆಲ್ಲ ಹೇಳುವವನು ನಾನೇ. ಹಾಗಾಗಿ ಓದಿದೆ. ಓದಿದ್ದನ್ನು ನಿಮಗೂ ನಿಮ್ಮ ಅಪ್ಪ ಅಮ್ಮಂದಿರಿಗೂ ಹೇಳುತ್ತಿದ್ದೇನೆ.

ಮೊದಲು ಆಟದ ವಿಷಯ

ನಮ್ಮೂರಲ್ಲಿ ಹಾಕಿ ಅಂದರೆ ಹುಲ್ಲಿನ ಮೇಲೋ ಮಣ್ಣಿನ ಮೇಲೋ ಆಡುವ ಹಾಕಿ. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿದ್ದ ಕೊಡಗಿನ ಗೆಳೆಯರು ಪುಸ್ತಕ ಮರೆತು ಬಂದರೂ ಸ್ಟಿಕ್ ಮರೆಯುತ್ತಿರಲಿಲ್ಲ. ಕೊಡಗಿನಲ್ಲಿ 1997ರಿಂದ ಮನೆತನಗಳ ನಡುವೆಯೇ ದೊಡ್ಡ ಹಾಕಿ ಪಂದ್ಯಾವಳಿ ನಡೆಯುತ್ತದೆ. ಒಂದೊಂದು ಮನೆತನದ್ದೂ ಒಂದೊಂದು ತಂಡ! ಇಲ್ಲಿ ಅಮೆರಿಕದಲ್ಲಿ ಬರೀ "ಹಾಕಿ" ಅಂದರೆ ಜನ ಐಸ್ ಹಾಕಿ ಅಂದುಕೊಳ್ಳುತ್ತಾರೆ. ನಮ್ಮ ಹಾಕಿಗೆ ಇಲ್ಲಿ "ಫೀಲ್ಡ್ ಹಾಕಿ" ಅನ್ನಬೇಕು.

ಇನ್ನೊಂದು ವ್ಯತ್ಯಾಸವೂ ಇದೆ. ಇಲ್ಲಿ ಶಾಲೆ, ಕಾಲೇಜುಗಳಲ್ಲಿ ಇದು ಹೆಚ್ಚಾಗಿ ಹೆಣ್ಣುಮಕ್ಕಳ ಆಟ. ಅದಕ್ಕೆ ಕಾರಣ ಕಾನ್ಸ್ಟನ್ಸ್ ಆಪಲ್‌ಬೀ ಎಂಬ ಇಂಗ್ಲೆಂಡಿನ ಶಿಕ್ಷಕಿ. 1901ರಲ್ಲಿ ಹಾರ್ವರ್ಡಿಗೆ ಬೇಸಿಗೆ ತರಗತಿಗೆಂದು ಬಂದವರು ಅಲ್ಲಿ ಈ ಆಟವನ್ನು ಆಡಿ ತೋರಿಸಿದರು. ಆಮೇಲೆ ಹುಡುಗಿಯರ ಕಾಲೇಜುಗಳಿಗೆಲ್ಲ ಹೋಗಿ ಕಲಿಸಿದರು. ಅವರು 107 ವರ್ಷ ಬದುಕಿದ್ದರು. 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಹುಡುಗಿಯರಿಗೆ ಭೇದ ಮಾಡುವಂತಿಲ್ಲ ಎಂದು ಅದು ಹೇಳಿತು. ಆಟದ ಮೈದಾನಕ್ಕೂ ಅದೇ ಮಾತು. ಎನ್‌ಸಿಎಎ ಎಂಬ ಸಂಸ್ಥೆ 1981ರಿಂದ ಕಾಲೇಜು ತಂಡಗಳಿಗೆ ರಾಷ್ಟ್ರೀಯ ಹಾಕಿ ಪಂದ್ಯಾವಳಿ ನಡೆಸುತ್ತಿದೆ.

ಕೋಚ್ ಇಡೀ ವರ್ಷ ಏನು ಮಾಡ್ತಾರೆ?

ಪಂದ್ಯಗಳು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. "ಹಾಗಾದ್ರೆ ಮೂರು ತಿಂಗಳ ಕೆಲಸ ಅಷ್ಟೇನಾ?" ಅಂತ ನಾನೂ ಅಂದುಕೊಂಡೆ. ಅಲ್ಲ.

ಮೊದಲನೆಯದು ಆಟಗಾರರನ್ನು ಹುಡುಕುವ ಕೆಲಸ. ಕೋಚ್‌ಗಳು ಊರೂರು ಸುತ್ತಿ ಹೈಸ್ಕೂಲು ಮಕ್ಕಳ ಪಂದ್ಯ ನೋಡುತ್ತಾರೆ. ಆದರೆ ಇಷ್ಟ ಬಂದಾಗ ಮಾತಾಡಿಸುವ ಹಾಗಿಲ್ಲ. ದೊಡ್ಡ ಕಾಲೇಜುಗಳ ಕೋಚ್ ಒಬ್ಬ ಆಟಗಾರ್ತಿಗೆ ಫೋನ್ ಮಾಡಬೇಕಾದರೆ ಅವಳು ಹತ್ತನೇ ಕ್ಲಾಸ್ ಮುಗಿಸಿ ಆ ವರ್ಷದ ಜೂನ್ 15 ಬರಬೇಕು.

ಎರಡನೆಯದು ಲೆಕ್ಕ. ಡಿವಿಷನ್ 1 ಎಂಬ ಮೇಲಿನ ಹಂತದಲ್ಲಿ ಬಹಳ ವರ್ಷಗಳ ಕಾಲ ಒಂದು ಹಾಕಿ ತಂಡಕ್ಕೆ ಹೆಚ್ಚೆಂದರೆ 12 ಪೂರ್ತಿ ವಿದ್ಯಾರ್ಥಿವೇತನದಷ್ಟು ಹಣ ಇರುತ್ತಿತ್ತು. ತಂಡದಲ್ಲಿ 24 ಜನ ಇದ್ದರೆ? ಒಬ್ಬಳಿಗೆ ಪೂರ್ತಿ, ಒಬ್ಬಳಿಗೆ ಅರ್ಧ, ಒಬ್ಬಳಿಗೆ ಕಾಲು, ಒಬ್ಬಳಿಗೆ ಏನೂ ಇಲ್ಲ ಅಂತ ಕೋಚ್ ಹಂಚಬೇಕಿತ್ತು. ಭಿನ್ನರಾಶಿ ಯಾತಕ್ಕೆ ಕಲಿಯಬೇಕು ಅಂತ ಕೇಳುತ್ತಿದ್ದಿರಲ್ಲ, ಇದಕ್ಕೆ!

ಮೂರನೆಯದು ಅಭ್ಯಾಸ. ಪಂದ್ಯಗಳ ಕಾಲದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ, ಯಾಕೆಂದರೆ ಅವರು ಓದಲೂ ಬೇಕಲ್ಲ. ಆ 20 ಗಂಟೆಯಲ್ಲಿ ಓಟ, ಪಾಸ್, ಪೆನಾಲ್ಟಿ ಕಾರ್ನರ್, ಎದುರಾಳಿಯ ವಿಡಿಯೋ ಎಲ್ಲ ಮುಗಿಯಬೇಕು. ಪೆನಾಲ್ಟಿ ಕಾರ್ನರ್ ಒಂದನ್ನೇ ತಗೊಳ್ಳಿ. ಒಬ್ಬಳು ಗೋಲಿನ ಗೆರೆಯಿಂದ ಚೆಂಡು ತಳ್ಳುತ್ತಾಳೆ, ಇನ್ನೊಬ್ಬಳು ನಿಲ್ಲಿಸುತ್ತಾಳೆ, ಮತ್ತೊಬ್ಬಳು ಹೊಡೆಯುತ್ತಾಳೆ. ಗೋಲ್‌ಕೀಪರ್ ಸೇರಿ ಐದು ಜನ ತಡೆಯಲು ಓಡಿ ಬರುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಈ ಕೆಲಸಕ್ಕೆ ನೂರಾರು ಸಲ ತಾಲೀಮು ಬೇಕು. ನಮ್ಮ ಸಾಫ್ಟ್‌ವೇರ್‌ನಲ್ಲಿ ಮತ್ತೆ ಮತ್ತೆ ಟೆಸ್ಟ್ ಮಾಡುತ್ತೇವಲ್ಲ, ಹಾಗೇ.

ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟ. ಆಡುವವರು ಹನ್ನೊಂದು ಜನ, ತಂಡದಲ್ಲಿರುವವರು ಇಪ್ಪತ್ತಕ್ಕೂ ಹೆಚ್ಚು. "ಇವತ್ತು ಶುರುವಿನಲ್ಲಿ ನೀನಿಲ್ಲ" ಅಂತ ಒಬ್ಬೊಬ್ಬರ ಮುಖ ನೋಡಿ ಹೇಳಬೇಕು. ಮಾರನೇ ದಿನ ಅದೇ ಹುಡುಗಿ ಮನಸ್ಸಿಟ್ಟು ಅಭ್ಯಾಸ ಮಾಡುವ ಹಾಗೆಯೂ ನೋಡಿಕೊಳ್ಳಬೇಕು.

42 ಋತು, ಒಂದೇ ಕಾಲೇಜು

ಕ್ಯಾರೆನ್ ಶೆಲ್ಟನ್ ಅವರ ಕಥೆ ಕೇಳಿ. 1981ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ ಸೇರಿದಾಗ ಅವರಿಗೆ 23 ವರ್ಷ. ಆಗ ತಾವೂ ಇನ್ನೂ ಆಡುತ್ತಿದ್ದರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಹಾಕಿ ತಂಡ ಕಂಚು ಗೆದ್ದಾಗ ಅವರೂ ಆ ತಂಡದಲ್ಲಿದ್ದರು.

ಕೋಚ್ ಆಗಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಯಾವಾಗ ಗೊತ್ತಾ? 1989ರಲ್ಲಿ. ಎಂಟು ವರ್ಷ ಕಾಯಬೇಕಾಯಿತು. ಆಮೇಲೆ 1995, 1996, 1997ರಲ್ಲಿ ಸತತ ಮೂರು. 2007ರಲ್ಲಿ, 2009ರಲ್ಲಿ ಮತ್ತೆ. ಅದಾದ ಮೇಲೆ 2010, 2011, 2012, ಮೂರು ವರ್ಷವೂ ಫೈನಲ್ ತಲುಪಿದರು, ಮೂರು ಸಲವೂ 3-2ರಿಂದ ಸೋತರು! ಪ್ರತಿ ಸಲ ಒಂದೇ ಗೋಲಿನ ಅಂತರ. ನಾನಾಗಿದ್ದರೆ ಬೇರೆ ಕೆಲಸ ಹುಡುಕುತ್ತಿದ್ದೆನೋ ಏನೋ. ಅವರು ಅಲ್ಲೇ ಉಳಿದರು. 2018ರಲ್ಲಿ 23 ಪಂದ್ಯ ಆಡಿ 23ನ್ನೂ ಗೆದ್ದರು, 2019ರಲ್ಲೂ ಹಾಗೇ. ಕೋವಿಡ್‌ನಿಂದ ತಡವಾಗಿ 2021ರ ವಸಂತದಲ್ಲಿ ಮುಗಿದ 2020ರ ಪ್ರಶಸ್ತಿಯೂ ಅವರದೇ. 2022ರಲ್ಲಿ ಹತ್ತನೆಯದು ಗೆದ್ದು, ಅದೇ ವರ್ಷ ನಿವೃತ್ತರಾದರು. ಒಟ್ಟು 745 ಗೆಲುವು. ಚಾಪೆಲ್ ಹಿಲ್‌ನಲ್ಲಿರುವ ಹಾಕಿ ಮೈದಾನಕ್ಕೆ ಅವರದೇ ಹೆಸರು.

ನಿನ್ನೆ ಗೆಳತಿ, ಇವತ್ತು ಕೋಚ್

ಅವರ ಜಾಗಕ್ಕೆ ಯಾರು ಬಂದರು? ಇಲ್ಲಿದೆ ಆಶ್ಚರ್ಯ. 2022ರ ನವೆಂಬರ್ ಫೈನಲ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದ ಆಟಗಾರ್ತಿ ಎರಿನ್ ಮ್ಯಾಟ್ಸನ್. 2023ರ ಜನವರಿಯಲ್ಲಿ ಅದೇ ಎರಿನ್ ಹೆಡ್ ಕೋಚ್! ವಯಸ್ಸು 22.

ಯೋಚನೆ ಮಾಡಿ. ಎರಡು ತಿಂಗಳ ಹಿಂದೆ ಪಕ್ಕದಲ್ಲಿ ಆಡಿದ ಗೆಳತಿಯರಿಗೆ ಈಗ "ನೀನು ಆಡ್ತೀಯ, ನೀನು ಆಡಲ್ಲ" ಅಂತ ಹೇಳಬೇಕು. ಬಹಳ ಜನಕ್ಕೆ ಅನುಮಾನ ಇತ್ತು. ಆ ವರ್ಷದ ಫೈನಲ್ ಮತ್ತೆ ನಾರ್ತ್‌ವೆಸ್ಟರ್ನ್ ವಿರುದ್ಧವೇ, ಅದೂ ಕ್ಯಾರೆನ್ ಶೆಲ್ಟನ್ ಮೈದಾನದಲ್ಲಿ. ಪಂದ್ಯ 1-1. ಹೆಚ್ಚುವರಿ ಸಮಯದಲ್ಲೂ ಮುಗಿಯಲಿಲ್ಲ. ಕೊನೆಗೆ ಶೂಟೌಟ್: ಒಬ್ಬ ಆಟಗಾರ್ತಿ, ಒಬ್ಬ ಗೋಲ್‌ಕೀಪರ್, ಎಂಟು ಸೆಕೆಂಡ್. ಕೋಚ್ ಹೊರಗೆ ನಿಂತು ನೋಡಬೇಕು ಅಷ್ಟೇ. ನಾರ್ತ್ ಕ್ಯಾರೊಲೈನಾ ಗೆದ್ದಿತು. ಎನ್‌ಸಿಎಎ ಡಿವಿಷನ್ 1 ಪ್ರಶಸ್ತಿ ಗೆದ್ದ ಹೆಡ್ ಕೋಚ್‌ಗಳಲ್ಲಿ ಎರಿನ್ ಅತಿ ಕಿರಿಯರಾದರು. ಮರುವರ್ಷ ಸೆಮಿಫೈನಲ್‌ನಲ್ಲಿ ಸೇಂಟ್ ಜೋಸೆಫ್ಸ್ ತಂಡಕ್ಕೆ ಸೋತರು. ಕೋಚ್ ಕೆಲಸದಲ್ಲಿ ಅದೂ ಇದೆ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಎಲ್ಲರಿಗೂ 22ಕ್ಕೆ ಈ ಕೆಲಸ ಸಿಗುವುದಿಲ್ಲ. ಸಾಮಾನ್ಯ ದಾರಿ ಇದು: ಕಾಲೇಜಿನಲ್ಲಿ ಆಡಬೇಕು, ಡಿಗ್ರಿ ಮುಗಿಸಬೇಕು, ಕೆಲವು ವರ್ಷ ಸಹಾಯಕ ಕೋಚ್ ಆಗಿ ದುಡಿಯಬೇಕು. ಆಮೇಲೆ ಸಣ್ಣ ಕಾಲೇಜೊಂದರಲ್ಲಿ ಹೆಡ್ ಕೋಚ್ ಆಗಬಹುದು. ಶುರುವಿನ ಸಂಬಳ ನಮ್ಮ ಐಟಿ ಸಂಬಳದ ಹಾಗಿರುವುದಿಲ್ಲ. ಡಿವಿಷನ್ 1ರಲ್ಲಿ ಹಾಕಿ ತಂಡ ಇರುವ ಕಾಲೇಜುಗಳು ಸುಮಾರು 80 ಮಾತ್ರ. ಮೇಲಿಂದ ಮೇಲೆ ಸೋತರೆ ಕೆಲಸ ಹೋಗಲೂಬಹುದು. ಇದನ್ನೆಲ್ಲ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ "ಅದು ಕೆಲಸವೇ ಅಲ್ಲ" ಅನ್ನುವುದು ಸುಳ್ಳು. ಜನರನ್ನು ಆರಿಸುವುದು, ಬೆಳೆಸುವುದು, ಹಣ ಹಂಚುವುದು, ಸೋತವರನ್ನು ಮತ್ತೆ ಎಬ್ಬಿಸುವುದು, ಇವು ನಮ್ಮ ಆಫೀಸಿನ ಮ್ಯಾನೇಜರುಗಳಿಗೂ ಸುಲಭವಾಗಿ ಬರದ ವಿದ್ಯೆಗಳು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಳೆದ ವರ್ಷ ಮಗಳನ್ನು ಮೊದಲ ತಂಡದಿಂದ ಎರಡನೇ ತಂಡಕ್ಕೆ ಹಾಕಿದರು. ನನಗೆ ಸಿಟ್ಟು ಬಂದು ಕೋಚ್‌ಗೆ ಉದ್ದ ಇಮೇಲ್ ಬರೆದೆ. ಕಳಿಸುವ ಮುಂಚೆ ಮಗಳು ನೋಡಿ, "ಅಪ್ಪಾ, ಪ್ಲೀಸ್ ಬೇಡ. ನಾನೇ ಕೇಳ್ತೀನಿ" ಅಂದಳು. ಮರುದಿನ ಅಭ್ಯಾಸ ಮುಗಿದ ಮೇಲೆ ಹೋಗಿ ಕೇಳಿದಳು. ಎಡಗಡೆಯಿಂದ ಬರುವ ಚೆಂಡನ್ನು ನಿಲ್ಲಿಸುವಾಗ ಅವಳ ಕಾಲು ನಿಧಾನ ಅಂತ ಕೋಚ್ ತೋರಿಸಿಕೊಟ್ಟರಂತೆ. ಬೇಸಿಗೆ ಪೂರ್ತಿ ಗ್ಯಾರೇಜ್ ಬಾಗಿಲಿಗೆ ಚೆಂಡು ಬಡಿಯುವ ಸದ್ದು ಕೇಳಿದೆ. ಅವಳು ಇನ್ನೂ ಎರಡನೇ ತಂಡದಲ್ಲೇ ಇದ್ದಾಳೆ. ಆದರೆ ಈಗ ಆರನೇ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಅದೇ ಹೆಜ್ಜೆಯನ್ನು ಅವಳೇ ಹೇಳಿಕೊಡುತ್ತಾಳೆ. ಆ ಇಮೇಲ್ ಹೋಗಿದ್ದರೆ ಅವಳು ಏನು ಕಲಿಯುತ್ತಿದ್ದಳೋ ಗೊತ್ತಿಲ್ಲ.

ಅವಳಿಗೆ ಈ ಲೇಖನ ಓದಿ ಹೇಳಿದೆ. "ಕೆಲಸ ಅಂತ ಏನು ಮಾಡ್ತೀಯ" ಅಂತ ಕೇಳಿದ್ದಕ್ಕೆ ಸಾರಿ ಅಂತಲೂ ಹೇಳಿದೆ. "ಪರವಾಗಿಲ್ಲ ಅಪ್ಪ, ಆದ್ರೆ ನೀವು ಬರೆದಿದ್ದು ಹತ್ತು ವಾಕ್ಯಕ್ಕಿಂತ ಜಾಸ್ತಿ ಆಯ್ತು" ಅಂದಳು.

ಮಕ್ಕಳೇ, ನಿಮ್ಮ ಹತ್ತು ವಾಕ್ಯದಲ್ಲಿ ಯಾವ ಕೆಲಸ ಬರೆದಿದ್ದೀರೋ ಅದನ್ನು ಮಾಡುತ್ತಿರುವ ಒಬ್ಬರನ್ನು ಈ ಬೇಸಿಗೆ ರಜೆಯಲ್ಲಿ ಮಾತಾಡಿಸಿ. ಅವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ, ಯಾವುದು ಕಷ್ಟ ಅಂತ ಕೇಳಿ ಬರೆದು ತನ್ನಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕೋಣ.