ನಿಮಗಿದು ಗೊತ್ತೆ? ಪಿರಿಯಾಪಟ್ಟಣದ ಸೆರೆಯೂ ಸುಲ್ತಾನನ ಪರರಾಷ್ಟ್ರನೀತಿಯೂ

1788ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡು ಇಂಗ್ಲಿಷರ ವಿರುದ್ಧ ಸೈನ್ಯಸಹಾಯವನ್ನು ಯಾಚಿಸಿದರಷ್ಟೆ. ಅದೇ ವರ್ಷದ ಕೊನೆಯಲ್ಲಿ, ಮೈಸೂರು ಜಿಲ್ಲೆಯ ಸಾಲಿಗ್ರಾಮಕ್ಕೆ ನೈಋತ್ಯವಾಗಿ ಕೆಲವೇ ಹರಿದಾರಿಗಳ ಅಂತರದಲ್ಲಿರುವ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದ ಕೊಡಗಿನ ರಾಜಕುಮಾರ ದೊಡ್ಡ ವೀರರಾಜೇಂದ್ರನು ತಪ್ಪಿಸಿಕೊಂಡು ತನ್ನ ನಾಡನ್ನು ಸೇರಿದನು.

ಕಾನ್‌ಸ್ಟಾಂಟಿನೋಪಲ್ಲಿಗೂ ಪ್ಯಾರಿಸಿಗೂ ದೂತರನ್ನು ಕಳುಹಿ ಮಹಾಮೈತ್ರಿಯೊಂದನ್ನು ಕಟ್ಟಲೆಳಸಿದ ಸುಲ್ತಾನನ ದೃಷ್ಟಿ ನಿಜಕ್ಕೂ ವಿಶಾಲವಾದದ್ದು, ಆ ಕಾಲದ ನಮ್ಮ ಅರಸರಲ್ಲಿ ಅತಿ ವಿರಳವಾದದ್ದು. ಆದರೆ ನೆರೆಯ ಕೊಡಗಿನ ವಿಷಯದಲ್ಲಿ ಅವನು ನಚ್ಚಿದ್ದು ದಂಡನೆಯನ್ನು, ಸೆರೆಯನ್ನು, ಬಲಾತ್ಕಾರದ ಗಡೀಪಾರನ್ನು. ತತ್ಫಲವಾಗಿ ವೀರರಾಜೇಂದ್ರನು 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡು, ಮಲಬಾರಿನಿಂದ ಘಟ್ಟವೇರಿ ಬಂದ ಮುಂಬಯಿಯ ದಂಡಿಗೆ ದಾರಿಯನ್ನೂ ದವಸವನ್ನೂ ಒದಗಿಸಿದನು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೆ ಸಮೀಪದಲ್ಲಿ, ಕೊಡಗಿನ ಗಡಿಯ ಸಿದ್ದೇಶ್ವರ ಗುಡ್ಡದ ಬಳಿ, ಮತ್ತೆ ಅದೇ ದಾರಿಯಾಗಿ ಬಂದ ಮುಂಬಯಿಯ ದಂಡನ್ನು ಮುರಿಯಲು ಟಿಪ್ಪುವು ಸ್ವತಃ ನಡೆಸಿದ ದಾಳಿ ವಿಫಲವಾಯಿತು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಸುಲ್ತಾನನು ಮಡಿದನು. ಫ್ರೆಂಚರ ಕಡೆಯಿಂದ ಬಂದದ್ದಾದರೂ ಏನು? 1798ರಲ್ಲಿ ಮಾರಿಷಸ್ಸಿನಿಂದ ಬಂದು ಹಡಗಿಳಿದ, ನೂರರ ಆಸುಪಾಸಿನ ಒಂದು ಸಣ್ಣ ತಂಡ ಮಾತ್ರ.

ಏಳು ಸಮುದ್ರಗಳಾಚೆಯ ಮಿತ್ರನು ಕೊಡಲಾರದ ರಕ್ಷೆಯನ್ನು ಕಾವೇರಿಯ ಮೇಲ್ದಂಡೆಯ ನೆರೆಯವನು ಕೊಡಬಹುದಾಗಿತ್ತೆಂದೇ ನಮ್ಮ ಅಭಿಪ್ರಾಯ. ವೀರರಾಜೇಂದ್ರನು ನಂಬಿದ ಆ ಕಂಪನಿಯೇ ಮುಂದೆ 1834ರಲ್ಲಿ ಕೊಡಗಿನ ಅರಸನನ್ನು ಪದಚ್ಯುತಗೊಳಿಸಿ ಆ ರಾಜ್ಯವನ್ನು ತನ್ನದಾಗಿಸಿಕೊಂಡಿತು.