ಒಂದು ಹೆಸರು ಉಳಿಯಲು ಎಷ್ಟು ಕೂಸುಗಳು ಬೇಕು?

ಸ್ಪೇನಿನಲ್ಲಿ ಹೆಂಗಸರ ಸಂಖ್ಯೆ ಸುಮಾರು 2.5 ಕೋಟಿ. ಅವರಲ್ಲಿ 6 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು ಮರಿಯಾ ಕಾರ್ಮೆನ್. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಪ್ರತಿ 40 ಹೆಂಗಸರಲ್ಲಿ ಒಬ್ಬರು. ಅದೇ ದೇಶದಲ್ಲಿ ಸಿಂಕ್ಲೇತಿಕಾ ಎಂಬ ಹೆಸರೂ ಇದೆ. ಅದನ್ನು ಕೇಳಿಯೇ ಇರದ ಸ್ಪೇನಿನವರು ಎಷ್ಟೋ ಜನ.

ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಜನಸಂಖ್ಯಾ ದಾಖಲೆಯಿಂದ ಹೆಸರುಗಳನ್ನು ಎಣಿಸಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಒಂದು ಹೆಸರು ಕೇಳಿದರೆ ಆ ಹೆಸರಿನವರು ಎಷ್ಟು ಮಂದಿ, ಸಾವಿರಕ್ಕೆ ಎಷ್ಟು, ಯಾವ ಪ್ರಾಂತ್ಯದಲ್ಲಿ ಹೆಚ್ಚು, ಅವರ ಸರಾಸರಿ ವಯಸ್ಸೆಷ್ಟು ಎಂಬುದೆಲ್ಲ ಗೊತ್ತಾಗುತ್ತದೆ. ಆದರೆ ಒಂದು ಗೆರೆ ಇದೆ. ಇಡೀ ದೇಶದಲ್ಲಿ ಕನಿಷ್ಠ 20 ಮಂದಿ ಇದ್ದರೆ ಮಾತ್ರ ಆ ಹೆಸರಿನ ದೇಶದ ಲೆಕ್ಕ ಹೊರಗೆ ಕಾಣುತ್ತದೆ; ಪ್ರಾಂತ್ಯದ ಲೆಕ್ಕಕ್ಕೆ ಈ ಮಿತಿ 5. ಯಾರ ಗುರುತೂ ಬಯಲಾಗಬಾರದೆಂಬ ಎಚ್ಚರಿಕೆ ಅದು, ಒಳ್ಳೆಯ ಎಚ್ಚರಿಕೆ. 20 ಎಂದರೆ 12.5 ಲಕ್ಷ ಹೆಂಗಸರಿಗೆ ಒಬ್ಬರು. 19ಕ್ಕೆ ಇಳಿದ ಹೆಸರು ಹೊರಗಿನಿಂದ ನೋಡುವವರ ಪಾಲಿಗೆ ಇಲ್ಲದ ಹೆಸರು.

ಸಿಂಕ್ಲೇತಿಕಾ ಗ್ರೀಕ್ ಮೂಲದ್ದು. ರೋಮನ್ ಕಾಲದ ಹಿರಿಯರ ಸಭೆಗೆ, ಅಂದರೆ ಸೆನೆಟ್‌ಗೆ, ಸೇರಿದ ಮನೆತನದವಳು ಎಂದು ಅರ್ಥ. ಹೆಸರು ಸ್ಪೇನಿಗೆ ಬಂದದ್ದು 4ನೇ ಶತಮಾನದ ಒಬ್ಬ ತಾಪಸಿಯಿಂದ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸಿರಿವಂತರ ಮಗಳು ಆಕೆ. ತಂದೆತಾಯಿ ತೀರಿಕೊಂಡ ಮೇಲೆ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಕಣ್ಣು ಕಾಣದ ತಂಗಿಯನ್ನು ಕರೆದುಕೊಂಡು ಊರಾಚೆಯ ಸಮಾಧಿಯೊಂದರಲ್ಲಿ ನೆಲೆಸಿದಳೆಂದು ಆಕೆಯ ಚರಿತ್ರೆ ಹೇಳುತ್ತದೆ. ಮರುಭೂಮಿಯ ತಾಪಸರ ಮಾತುಗಳನ್ನು ಕೂಡಿಸಿದ ಹಳೆಯ ಗ್ರೀಕ್ ಸಂಗ್ರಹದಲ್ಲಿ ನೂರಕ್ಕೂ ಹೆಚ್ಚು ಗಂಡಸರ ನಡುವೆ ಹೆಂಗಸರು 3 ಮಂದಿ ಮಾತ್ರ: ಥಿಯೊಡೊರಾ, ಸಾರಾ, ಸಿಂಕ್ಲೇತಿಕಾ. ಸಂತ ಮಹಿಳೆಯರ ಸಾಲಿನಲ್ಲೂ ಈಕೆ ಅಪರೂಪದವಳೇ. ಈಕೆಯ ಹಬ್ಬ ಜನವರಿ 5.

ಈ ತಾರೀಖು ಮುಖ್ಯ. ಸ್ಪೇನಿನ ಹಳ್ಳಿಗಳಲ್ಲಿ ಮಗು ಹುಟ್ಟಿದ ದಿನದ ಸಂತನ ಹೆಸರನ್ನೇ ಮಗುವಿಗೆ ಇಡುವ ರೂಢಿ ಬಹುಕಾಲ ನಡೆಯಿತು. ಹೆಸರು ಹುಡುಕಲು ಇದ್ದ ದೊಡ್ಡ ಕಣಜವೆಂದರೆ 1584ರಲ್ಲಿ ಪೋಪ್ 13ನೇ ಗ್ರೆಗರಿ ಹೊರಡಿಸಿದ ರೋಮನ್ ಸಂತರ ಪಟ್ಟಿ. ಅದರ 2004ರ ಆವೃತ್ತಿಯಲ್ಲಿ ಸುಮಾರು 7,000 ಹೆಸರುಗಳಿವೆ. 366 ದಿನಕ್ಕೆ ಹಂಚಿದರೆ ದಿನಕ್ಕೆ 19. ಹೆಚ್ಚಿನವರು ಆ ಹತ್ತೊಂಬತ್ತರಲ್ಲಿ ಕಿವಿಗೆ ಒಗ್ಗಿದ ಒಂದನ್ನು ಆರಿಸಿಕೊಂಡರು. ಉಳಿದವು ಹಾಳೆಯಲ್ಲೇ ಉಳಿದವು.

ಬುರ್ಗೋಸ್ ಪ್ರಾಂತ್ಯದ ಉವೆರ್ತಾ ದೆ ರೆಯ್ ಎಂಬ ಊರು ಮಾತ್ರ ಆ ಉಳಿದವನ್ನು ಎತ್ತಿಕೊಂಡಿತು. ಸಾವಿರದೊಳಗಿನ ಜನಸಂಖ್ಯೆಯ ಊರು ಅದು. ಊರವರು ಹೇಳುವ ಪ್ರಕಾರ, 19ನೇ ಶತಮಾನದ ಕೊನೆಗೆ ಅಲ್ಲಿ ಒಂದೇ ಮನೆತನದ ಹೆಸರು, ಒಂದೇ ಸ್ವಂತ ಹೆಸರು ಹೊತ್ತವರು ಎಷ್ಟಿದ್ದರೆಂದರೆ ಕಾಗದಪತ್ರ ಯಾರದೆಂದು ತಿಳಿಯುವುದೇ ಕಷ್ಟವಾಯಿತು. ಆಗ ಊರಾಡಳಿತದ ಕಾರ್ಯದರ್ಶಿ, ಸಂತರ ಪಟ್ಟಿ ತೆರೆದು ಹುಟ್ಟಿದ ದಿನದ ಅಪರೂಪದ ಹೆಸರನ್ನೇ ಇಡಿ ಎಂದರಂತೆ. ಆ ಸಲಹೆಯ ಹಿಂದಿನ ಗಣಿತ ಸರಳ. ಊರಲ್ಲಿ 10 ಮನೆತನದ ಹೆಸರು, 10 ಸ್ವಂತ ಹೆಸರು ಎಂದುಕೊಂಡರೆ ಜೋಡಿಗಳು ಬರೀ 100. ಸಾವಿರ ಜನರಿದ್ದರೆ ಒಂದೊಂದು ಜೋಡಿಗೆ 10 ಮಂದಿ. ಸ್ವಂತ ಹೆಸರುಗಳನ್ನು 100ಕ್ಕೆ ಏರಿಸಿ, ಒಬ್ಬೊಬ್ಬರಿಗೂ ಒಂದೊಂದು ಜೋಡಿ ಸಿಗುತ್ತದೆ. ಹೀಗೆ ಬುರ್ಗುಂದೋಫೊರಾ, ಹೀಗೆ ಸಿಂಕ್ಲೇತಿಕಾ. ಒಂದು ಪೈಸೆ ಖರ್ಚಿಲ್ಲದೆ ಅಂಚೆಯವನ ಗೊಂದಲ ಬಗೆಹರಿಸಿದ ಉಪಾಯ ಇದು. ಹಳ್ಳಿಯ ಗುಮಾಸ್ತಿಕೆಯಲ್ಲಿ ಇಂಥ ಬುದ್ಧಿವಂತಿಕೆ ಕಂಡಾಗ ನನಗೆ ನಿಜಕ್ಕೂ ಗೌರವ ಮೂಡುತ್ತದೆ.

ಈಗ ಸ್ಪೇನಿನ ಜನನಗಳ ಲೆಕ್ಕ ನೋಡೋಣ. 1976ರಲ್ಲಿ ಹುಟ್ಟಿದ ಮಕ್ಕಳು ಸುಮಾರು 6.77 ಲಕ್ಷ, 2023ರಲ್ಲಿ ಸುಮಾರು 3.2 ಲಕ್ಷ. ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಹೆಣ್ಣುಮಕ್ಕಳು 1.55 ಲಕ್ಷದಷ್ಟು, ಅಂದರೆ ದಿನಕ್ಕೆ 425ರ ಆಸುಪಾಸು. ಹೊಸ ಶತಮಾನದಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಲೂಸಿಯಾ ಕೂಡ ಈಚೆಗೆ ನೂರು ಹೆಣ್ಣುಕೂಸುಗಳಲ್ಲಿ ಸುಮಾರು 2ಕ್ಕಷ್ಟೇ ಸಿಗುತ್ತಿದೆ. ಹೆಸರುಗಳ ಬಗೆ ಹೆಚ್ಚಿತು, ಕೂಸುಗಳು ಕಡಿಮೆಯಾದವು. ಅಷ್ಟು ಬಗೆಗಳ ನಡುವೆಯೂ ಅಜ್ಜಿಯರ ಕಾಲದ ಸಂತ ಮಹಿಳೆಯರ ಹೆಸರುಗಳ ಕಡೆಗೆ ತಿರುಗಿದವರು ಕೆಲವೇ ಮಂದಿ.

ಅಪರೂಪದ ಹೆಸರನ್ನು ತೂಗುವಾಗ ನಾನು ಮೊದಲು ನೋಡುವುದು ಸರಾಸರಿ ವಯಸ್ಸನ್ನು. ಒಂದು ಹೆಸರಿನವರು 40 ಮಂದಿ, ಸರಾಸರಿ ವಯಸ್ಸು 75 ಎಂದುಕೊಳ್ಳಿ. ಆ ವಯಸ್ಸಿನ ಸ್ಪೇನಿನ ಹೆಂಗಸಿಗೆ ಮುಂದೆ ಸುಮಾರು 15 ವರ್ಷದ ಆಯುಷ್ಯ. ಹೊಸ ಕೂಸು ಬಾರದಿದ್ದರೆ ಅಷ್ಟರಲ್ಲಿ ಹೆಸರು ಇಪ್ಪತ್ತರ ಗೆರೆಗೆ ಬಂದು ನಿಂತಿರುತ್ತದೆ. ಅದೇ 40 ಮಂದಿಯ ಸರಾಸರಿ ವಯಸ್ಸು 10 ಆಗಿದ್ದರೆ ಆ ಹೆಸರಿಗೆ ಮುಕ್ಕಾಲು ಶತಮಾನ ಭಯವಿಲ್ಲ. ಎಷ್ಟು ಜನ ಎಂಬ ಒಂದೇ ಅಂಕಿಯಿಂದ ಹೆಸರಿನ ಭವಿಷ್ಯ ತಿಳಿಯುವುದಿಲ್ಲ.

ಹಾಗಾದರೆ ಗೆರೆಯ ಮೇಲೆ ಉಳಿಯಲು ಎಷ್ಟು ಬೇಕು? ಸ್ಪೇನಿನ ಹೆಂಗಸರ ಸರಾಸರಿ ಆಯುಷ್ಯ ಸುಮಾರು 86 ವರ್ಷ. 86ನ್ನು 20ರಿಂದ ಭಾಗಿಸಿದರೆ 4.3. ನಾಲ್ಕು ವರ್ಷಕ್ಕೊಮ್ಮೆ, ಇಡೀ ದೇಶದಲ್ಲಿ, ಒಂದೇ ಒಂದು ಕೂಸು. ಜನವರಿ 5ರಂದು ಹುಟ್ಟುವ ಸುಮಾರು 425 ಹೆಣ್ಣುಮಕ್ಕಳಲ್ಲಿ ನೂರಕ್ಕೆ ಒಬ್ಬಳಿಗೆ ಆ ದಿನದ ಸಂತ ಮಹಿಳೆಯ ಹೆಸರಿಟ್ಟರೂ ವರ್ಷಕ್ಕೆ 4 ಸಿಂಕ್ಲೇತಿಕಾ ಆಗುತ್ತಾರೆ. ಬೇಕಾದದ್ದಕ್ಕಿಂತ 17 ಪಟ್ಟು ಹೆಚ್ಚು!

ಹಾಗೆ ಹೆಸರಿಡಲು ಕಾನೂನಿನ ಅಡ್ಡಿಯಿಲ್ಲ. ಸರ್ವಾಧಿಕಾರಿ ಫ್ರಾಂಕೊ ಆಡಳಿತದ 1938ರ ಆದೇಶ ಬಾಸ್ಕ್, ಕತಲಾನ್ ಹೆಸರುಗಳನ್ನು ತಡೆದಿತ್ತು. 1977ರ ತಿದ್ದುಪಡಿ ಆ ಬಾಗಿಲು ತೆರೆಯಿತು. 2011ರ ನಾಗರಿಕ ನೋಂದಣಿ ಕಾಯ್ದೆ ಎರಡು ಬಿಡಿ ಹೆಸರು ಅಥವಾ ಒಂದು ಜೋಡು ಹೆಸರಿನ ಮಿತಿ ಹಾಕಿ, ವ್ಯಕ್ತಿಯ ಘನತೆಗೆ ಕುಂದು ತರುವಂಥದ್ದು ಬೇಡ ಎನ್ನುತ್ತದೆ. ಆಸ್ಪತ್ರೆಯ ಮೂಲಕವಾದರೆ 72 ಗಂಟೆಯೊಳಗೆ, ಇಲ್ಲವಾದರೆ 10 ದಿನದಲ್ಲಿ, ಕಾರಣವಿದ್ದರೆ 30 ದಿನದಲ್ಲಿ ತಂದೆತಾಯಿ ಅರ್ಜಿ ಕೊಡಬಹುದು. ನೋಂದಣಿಗೆ ಶುಲ್ಕವಿಲ್ಲ; ಮರಿಯಾ ಕಾರ್ಮೆನ್‌ಗೂ ಇಲ್ಲ, ಸಿಂಕ್ಲೇತಿಕಾಳಿಗೂ ಇಲ್ಲ.